ಗಂಡು ಮಗು ಹಾರೈಸುವ ಸೀಮಂತದ ಹಾಡು ಇಷ್ಟವಾದರೆ ತಪ್ಪೇ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಸೀಮಂತ ಅಂದರೆ ಬಳೆ ತೊಡಿಸುವುದು, ಮಡಿಲು ತುಂಬುವುದು, ಜೊತೆಗೆ ಹಿರಿಯ ಹೆಂಗಸರ ಸೋಬಾನೆ ಪದ. ಕೇಳಲು ಇಂಪು. ಆದರೆ ಎಷ್ಟೋ ಪದಗಳಲ್ಲಿ ಬರುವ ಹಾರೈಕೆ ‘ಗಂಡು ಮಗುವಾಗಲಿ’ ಎಂದೇ. ಇಂಥ ಹಾಡಿನ ವಿಡಿಯೊ ಮೊಬೈಲಿಗೆ ಬಂದಾಗ, ಹೆಣ್ಣು ಗಂಡು ಸಮ ಎಂದು ನಂಬಿದವರೂ ತಲೆದೂಗುತ್ತಾರೆ. ಹಾಗಾದರೆ ಅವರ ನಂಬಿಕೆ ಸುಳ್ಳೇ?

ರಾಗ ಹಿಡಿಸಿದರೆ ಅರ್ಥಕ್ಕೂ ಒಪ್ಪಿಗೆಯೇ?

ಅಲ್ಲ. ಇಷ್ಟದ ಸಂಗೀತ ಕೇಳಿ ಮೈ ಜುಮ್ಮೆಂದಾಗ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುತ್ತದೆ ಎಂದು ಕೆನಡಾದ ಮಾಂಟ್ರಿಯಲ್ ಸಂಶೋಧಕರು 2011ರಲ್ಲಿ ತೋರಿಸಿದರು. ಅದಕ್ಕೆ ಸಾಹಿತ್ಯವೇ ಬೇಕಿಲ್ಲ, ಬರೀ ವಾದ್ಯ ಸಾಕು. ‘ಜೋಗಿ’ (2005) ಚಿತ್ರದ ಹಾಡುಗಳಿಗೆ ಕುಣಿದವರೆಲ್ಲ ಮಚ್ಚು ಹಿಡಿಯಲಿಲ್ಲ. ಹಿಂಸೆಯ ಸಾಹಿತ್ಯವಿರುವ ಡೆತ್ ಮೆಟಲ್ ಸಂಗೀತದ ಅಭಿಮಾನಿಗಳನ್ನು ಆಸ್ಟ್ರೇಲಿಯಾದ ಸಂಶೋಧಕರು ಪರೀಕ್ಷಿಸಿದ್ದರು. ಹಿಂಸೆಯ ಚಿತ್ರಗಳಿಗೆ ಅವರ ಮನಸ್ಸು ಮರಗಟ್ಟಿರಲಿಲ್ಲ ಎಂದು 2019ರಲ್ಲಿ ವರದಿಯಾಯಿತು.

ಹಾಗಾದರೆ ಪದಗಳಿಂದ ಪರಿಣಾಮವೇ ಇಲ್ಲವೇ?

ಇದೆ. ಅಮೆರಿಕದಲ್ಲಿ 500ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗಗಳ ವರದಿ 2003ರಲ್ಲಿ ಪ್ರಕಟವಾಯಿತು. ಹಿಂಸೆಯ ಸಾಹಿತ್ಯ ಕೇಳಿದ ಕೂಡಲೇ ಅವರಲ್ಲಿ ಸಿಟ್ಟಿನ ಯೋಚನೆಗಳು ಹೆಚ್ಚಿದ್ದವು. ಆದರೆ ಅಳೆದದ್ದು ಆ ಹೊತ್ತಿನ ಯೋಚನೆ, ಭಾವನೆಗಳನ್ನೇ ಹೊರತು ಜೀವನಪೂರ್ತಿಯ ನಡತೆಯನ್ನಲ್ಲ.

ಸೀಮಂತದ ಹಾಡು ಬೇರೆ ಹೇಗೆ?

ಸಿನಿಮಾ ಹಾಡು ಯಾರೋ ಪಾತ್ರದ ಮಾತು. ಸೀಮಂತದ ಪದ ಎದುರಿಗೆ ಕೂತ ಬಸುರಿಯನ್ನೇ ಕುರಿತದ್ದು. ಹಾಡುವವರಿಗೆ ಅದು ಹಾರೈಕೆ. ಈಗಾಗಲೇ ಒಬ್ಬಳು ಮಗಳಿರುವ ತಾಯಿಗೆ ಅದೇ ಒತ್ತಡವಾಗಬಹುದು.

ವಿಜ್ಞಾನದ ಪ್ರಕಾರ ಆ ಒತ್ತಡಕ್ಕೆ ಅರ್ಥವೇ ಇಲ್ಲ. ಮಗುವಿನ ಲಿಂಗ ಗರ್ಭ ಕಟ್ಟುವಾಗಲೇ ನಿಗದಿಯಾಗಿರುತ್ತದೆ. ತಾಯಿಯ ಅಂಡಾಣುವಿನಿಂದ ಬರುವುದು ಎಕ್ಸ್ ಕ್ರೋಮೋಸೋಮ್. ತಂದೆಯ ವೀರ್ಯಾಣು ಎಕ್ಸ್ ತಂದರೆ ಸಾಮಾನ್ಯವಾಗಿ ಹೆಣ್ಣು, ವೈ ತಂದರೆ ಗಂಡು. ಏಳನೇ ತಿಂಗಳಲ್ಲಿ ಹಾಡಿದ ಹಾಡು ಅದನ್ನು ಬದಲಿಸದು.

ಮಂಡ್ಯಕ್ಕೆ ಇದು ಬರೀ ಹಾಡಿನ ಪ್ರಶ್ನೆಯೂ ಅಲ್ಲ. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಭ್ರೂಣಹತ್ಯೆ ಜಾಲವೊಂದನ್ನು ಬಯಲಿಗೆಳೆದರು. ಬೆಲ್ಲ ಮಾಡುವ ಮಂಡ್ಯದ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಯುತ್ತಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿ 1994ರಲ್ಲೇ ಕಾನೂನು ಬಂದಿದೆ. ಈ ದಂಧೆಗೆ ಸೋಬಾನೆ ಪದ ಕಾರಣವಲ್ಲ. ವರದಕ್ಷಿಣೆಯ ಭಯ, ಆಸ್ತಿಯ ಲೆಕ್ಕ, ದುಡ್ಡಿನಾಸೆಯ ಸ್ಕ್ಯಾನಿಂಗ್ ಇದರ ಹಿಂದಿವೆ. ಆದರೆ ‘ಗಂಡೇ ಆಗಬೇಕು’ ಎಂಬ ಆಸೆ ಸಹಜ ಎನಿಸುವಂತೆ ಮಾಡುವ ಮಾತುಗಳಲ್ಲಿ ಈ ಹಾರೈಕೆಯೂ ಒಂದು.

ಹಾಗಾದರೆ ಹಾಡು ಬಿಡಬೇಕೇ?

ಬೇಕಿಲ್ಲ. ಬಾಯಿಂದ ಬಾಯಿಗೆ ಬಂದ ಪದ ಯಾವತ್ತೂ ಒಂದೇ ಥರ ಇದ್ದಿಲ್ಲ. ಹಾಡುವವರು ಮನೆಯವರ ಹೆಸರು, ಊರಿನ ಹೆಸರು ಸೇರಿಸಿಯೇ ಹಾಡುತ್ತಾರೆ. ‘ಗಂಡು ಮಗು’ ಇದ್ದಲ್ಲಿ ‘ಮುದ್ದು ಮಗು’ ಎಂದರೆ ತಾಳವೂ ತಪ್ಪದು, ರಾಗವೂ ಕೆಡದು. ಹಾಡುವ ಅಜ್ಜಿಯನ್ನು ಹೀಯಾಳಿಸುವುದಕ್ಕಿಂತ, ಪಕ್ಕದಲ್ಲಿ ಕೂತು ಸೊಲ್ಲು ಕೊಡುತ್ತಾ ಆ ಒಂದು ಪದ ಬದಲಿಸಿ ಹಾಡಿ ಎಂದು ಕೇಳುವುದು ವಾಸಿ.

ನಮ್ಮ ಉತ್ತರ ಇಷ್ಟು: ರಾಗ ಇಷ್ಟಪಟ್ಟದ್ದು ತಪ್ಪಲ್ಲ. ವಿಡಿಯೊ ಫಾರ್ವರ್ಡ್ ಮಾಡುವ ಮುನ್ನ ಮಾತ್ರ, ನಿಮ್ಮ ಗ್ರೂಪಿನಲ್ಲಿರುವ ಬಸುರಿ ಹೆಣ್ಣುಮಗಳು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾಳೆ ಎಂದು ಒಮ್ಮೆ ಯೋಚಿಸಿ.