ದುಡ್ಡಿನ ಜೇಡವೂ ಆಕಾಶದ ವಿದ್ಯುತ್ತೂ



ಹಿಂದೊಮ್ಮೆ ಇದೇ ಕೂಟದಲ್ಲಿ ಮಾತನಾಡುತ್ತ, ಪುಟ್ಟ ಜೇಡಗಳು ಕೇವಲ ಗಾಳಿಯ ಬಲದಿಂದ ಹಾರುತ್ತವೆಂದು ನಾವು ಹೇಳಿದ್ದೆವು. ಆ ಮಾತು ಅಪೂರ್ಣವಾಗಿತ್ತು. ಅದನ್ನು ತಿದ್ದಿಕೊಳ್ಳುವುದೇ ಇಂದಿನ ಉಪನ್ಯಾಸದ ಉದ್ದೇಶ.

ಶರತ್ಕಾಲದ ಮುಂಜಾನೆ ಇಲ್ಲಿಯ ಹುಲ್ಲುಗಾವಲುಗಳ ಮೇಲೆ ಇಬ್ಬನಿ ಹೊತ್ತ ನೂಲಿನ ಹಾಸುಗಳನ್ನು ತಾವು ಕಂಡಿರಬಹುದು. ಹೆಚ್ಚಿನವು ಲಿನಿಫಿಡೇ ಕುಟುಂಬದ ಜೇಡಗಳ ನೇಯ್ಗೆ. ಇವುಗಳದು ಚಕ್ರಾಕಾರದ ಬಲೆಯಲ್ಲ. ನೆಲಕ್ಕೆ ಸಮಾನಾಂತರವಾಗಿ ಹರಡಿದ ತೆಳುವಸ್ತ್ರದಂಥದು. ಜೇಡವು ಅದರ ಅಡಿಯಲ್ಲಿ ತಲೆಕೆಳಗಾಗಿ ತೂಗಿಕೊಂಡು ಬೇಟೆ ಕಾಯುತ್ತದೆ. 4,000ಕ್ಕೂ ಹೆಚ್ಚು ಪ್ರಭೇದಗಳುಳ್ಳ ಈ ಕುಟುಂಬದ ಒಂದು ಕುಲವೇ ಎರಿಗೊನೆ. ಬ್ರಿಟನ್ನಿನ ಜನ ಇಂಥ ಜೇಡಗಳನ್ನು 'ಮನಿ ಸ್ಪೈಡರ್' ಎನ್ನುತ್ತಾರೆ; ಮೈಮೇಲೆ ಹರಿದರೆ ಹಣ ಬರುವುದಂತೆ. ನಮ್ಮ ಹಲ್ಲಿಶಕುನವನ್ನು ಕಂಡು ನಗುವವರು ಇದನ್ನೂ ನೆನೆಯಬೇಕು!

ಎರಿಗೊನೆಯ ಉದ್ದ ಎರಡು-ಮೂರು ಮಿಲಿಮೀಟರ್ ಮಾತ್ರ. ಬ್ಲ್ಯಾಕ್‌ವಾಲ್ 1833ರಲ್ಲಿ ಹೆಸರಿಸಿದ ಎರಿಗೊನೆ ಆಟ್ರ ಮತ್ತು ಅದರ ಸೋದರಿ ಎರಿಗೊನೆ ಡೆಂಟಿಪಾಲ್ಪಿಸ್ ಗೋಧಿಯ ಹೊಲಗಳಲ್ಲಿ ಜೊತೆಯಾಗಿಯೇ ಬಾಳುತ್ತವೆ. ಸಸ್ಯಹೇನುಗಳನ್ನು ತಿಂದು ರೈತನಿಗೆ ನೆರವಾಗುತ್ತವೆ. ಲಾಂಗಿಪಾಲ್ಪಿಸ್ ಕಡಲಂಚಿನದು, ಆರ್ಕ್ಟಿಕಾ ಹೆಸರೇ ಹೇಳುವಂತೆ ಉತ್ತರದ ಶೀತವಲಯದವರೆಗೂ ಹಬ್ಬಿದೆ. ಮೈಬಣ್ಣ ನೋಡಿ ಇವನ್ನು ಬೇರ್ಪಡಿಸಲಾಗದು. ಗಂಡಿನ ಸ್ಪರ್ಶಾಂಗದ ಮುಳ್ಳು-ಮುಂಚಾಚುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕು. ವೈದ್ಯರಾದ ನಮಗೆ ಈ ಪಾಠ ಹೊಸತೇನಲ್ಲ.

ಇನ್ನು ಹಾರಾಟ. 1832ರಲ್ಲಿ ಬೀಗಲ್ ಹಡಗು ಲಾ ಪ್ಲಾಟಾ ನದೀಮುಖದ ಸಮೀಪ, ನೆಲದಿಂದ 60 ಮೈಲಿ ದೂರದಲ್ಲಿದ್ದಾಗ ಅದರ ಹಗ್ಗಗಳ ಮೇಲೆ ಸಾವಿರಾರು ಕಿರುಜೇಡಗಳು ಇಳಿದುದನ್ನು ಡಾರ್ವಿನ್ ದಾಖಲಿಸಿದ್ದಾನೆ. ಗಾಳಿ ನಿಶ್ಚಲವೆಂದು ತೋರಿದಾಗಲೂ ಅವು ಚಿಮ್ಮಿ ಹೋದುದು ಅವನ ಗಮನ ಸೆಳೆದಿತ್ತು. ಉತ್ತರದ ಒಂದು ಭಾಗ ದೊರೆತದ್ದು 2018ರಲ್ಲಿ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಎರಿಕಾ ಮಾರ್ಲಿ ಮತ್ತು ಡೇನಿಯಲ್ ರಾಬರ್ಟ್ ಅವರು ಎರಿಗೊನೆಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿರಿಸಿ ವಿದ್ಯುತ್ ಕ್ಷೇತ್ರ ಹಾಯಿಸಿದರು. ಜೇಡಗಳು ತುದಿಗಾಲ ಮೇಲೆ ನಿಂತು, ಹೊಟ್ಟೆಯನ್ನು ಮೇಲೆತ್ತಿ, ನೂಲು ಬಿಟ್ಟು ಹಾರಿದವು. ಕ್ಷೇತ್ರವನ್ನು ನಿಲ್ಲಿಸಿದೊಡನೆ ಹಾರುತ್ತಿದ್ದವು ಕೆಳಗಿಳಿದವು. ಮತ್ತೆ ಹಾಯಿಸಿದಾಗ ಮೇಲೇರಿದವು. ಕಾಲಿನ ಮೇಲಿನ ನವಿರಾದ ರೋಮಗಳು ಆ ಕ್ಷೇತ್ರಕ್ಕೆ ಅಲುಗುವುದನ್ನೂ ಅವರು ಅಳೆದರು. ನಿರ್ಮಲ ದಿನಗಳಲ್ಲಿಯೂ ನಮ್ಮ ಸುತ್ತಲಿನ ವಾತಾವರಣದಲ್ಲಿ ಮೀಟರಿಗೆ ಸುಮಾರು 100 ವೋಲ್ಟಿನ ಅಂತರವಿರುತ್ತದೆ. ನಮಗೆ ಅದರ ಅರಿವಿಲ್ಲ, ಜೇಡಕ್ಕಿದೆ.

ಹಾಗೆಂದು ಗಾಳಿಯನ್ನು ಕೈಬಿಡಲಾಗದು. ಎಳೆಯನ್ನು ಒಯ್ಯುವಲ್ಲಿ ಅದಕ್ಕೂ ಪಾಲುಂಟು. ಆದರೆ ಅದು ಸೆಕೆಂಡಿಗೆ ಮೂರು ಮೀಟರ್ ವೇಗ ಮೀರಿದರೆ ಇವು ಸಾಮಾನ್ಯವಾಗಿ ಏರುವುದಿಲ್ಲ. ಅಂಥ ದಿನ ಹುಲ್ಲಿನ ಬುಡದಲ್ಲೇ ಉಳಿಯುತ್ತವೆ.