ತುಂಗಭದ್ರೆಯ ದಡಕ್ಕೆ ಸ್ವಾತಂತ್ರ್ಯ ಬಂದ ಬಗೆ

ಹರಿಹರದ ಹಳೆಯ ಸೇತುವೆ 1868ರಲ್ಲಿ ಕಟ್ಟಿ ಮುಗಿದುದು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ರಸ್ತೆಯನ್ನು ತುಂಗಭದ್ರೆಯ ಆಚೆಗೆ ದಾಟಿಸಲೆಂದು ಅದನ್ನು ಕಟ್ಟಿದರು. 1947ರಲ್ಲಿ ಆ ಸೇತುವೆಯ ಮೇಲೆ ನಡೆದು ಹೋದವನು ಒಂದು ಆಡಳಿತವನ್ನು ಬಿಟ್ಟು ಇನ್ನೊಂದನ್ನು ಹೊಗುತ್ತಿದ್ದನು. ಈಚೆಯ ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯವು. ಆಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತದ್ದು. ಪೂರ್ವಕ್ಕಿರುವ ಹರಪನಹಳ್ಳಿ ಮದರಾಸಿಗೆ ಸೇರಿದ್ದಿತು. ನದಿಯ ಜೊತೆಗೆ ಇನ್ನೂ ಕೆಳಗೆ ಇಳಿದರೆ ಎಡದಂಡೆಯಲ್ಲಿ ನಿಜಾಮನ ಸೀಮೆ. ಮಾತು ಒಂದೇ, ನೀರು ಒಂದೇ. ದೊರೆತನ ಮಾತ್ರ ಬೇರೆ ಬೇರೆ.

ಆದುದರಿಂದಲೇ ಸ್ವಾತಂತ್ರ್ಯವೂ ಈ ದಡಗಳಿಗೆ ಒಂದೇ ದಿನ ಬರಲಿಲ್ಲ. ಆಗಸ್ಟ್ 15ರಂದು ರಾಣೆಬೆನ್ನೂರಿನವರು ಸ್ವತಂತ್ರ ಪ್ರಜೆಗಳಾದರು. ಮೈಸೂರು ಭಾರತದೊಡನೆ ಸೇರಿದ್ದರೂ ಜವಾಬ್ದಾರಿ ಸರಕಾರ ದೊರೆತಿರಲಿಲ್ಲ. 1942ರಲ್ಲಿ ಗೋಲಿಬಾರಿಗೆ ತನ್ನ ಮಕ್ಕಳನ್ನು ಕಳೆದುಕೊಂಡಿದ್ದ ದಾವಣಗೆರೆಗೆ ಇದು ಅರ್ಧ ಹಬ್ಬವೆಂದೇ ತೋರಿದ್ದರೆ ಅಚ್ಚರಿಯಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದ ಮೇಲೆಯೇ ಅದು ತುಂಬಿದುದು.

ನಿಜಾಮನ ಸೀಮೆಯ ಕಥೆ ಕಠಿನವಾದುದು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರು ಹದಿಮೂರು ತಿಂಗಳು ಕಾಯಬೇಕಾಯಿತು. ಕಾಸಿಂ ರಜ್ವಿಯ ರಜಾಕಾರ ಪಡೆ ಹಳ್ಳಿಗಳನ್ನು ಸುಲಿಯಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಘೋರ ಹತ್ಯೆ ನಡೆಯಿತು. ಕನ್ನಡ ನಾಡಿನಲ್ಲೇ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಹೋರಾಟದ ಮುಂದಾಳಾಗಿದ್ದರು. ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವಿದ್ದಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು. 17ರಂದು ನಿಜಾಮನು ಶರಣಾದನು.

ಇದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆಯುವುದು ರೂಢಿ. ಹಳ್ಳಿಗಳ ಮಟ್ಟಿಗೆ ಅದು ಅಂತರ್ಯುದ್ಧಕ್ಕೆ ಹತ್ತಿರವಾದುದು. ಶರಣಾಗತಿಯೊಡನೆ ಅದು ಮುಗಿಯಲೂ ಇಲ್ಲ. ಪಂಡಿತ ಸುಂದರಲಾಲರ ನೇತೃತ್ವದ ಸಮಿತಿ ಆ ವರ್ಷದ ಕೊನೆಗೆ ಸಂಸ್ಥಾನವನ್ನು ಸುತ್ತಿ, ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ ಇಪ್ಪತ್ತೇಳರಿಂದ ನಲವತ್ತು ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಮಂದಿ ರಜಾಕಾರರೊಡನೆ ಸಂಬಂಧವೇ ಇಲ್ಲದ ಬಡ ಮುಸಲ್ಮಾನರು. ಬೀದರ, ಗುಲ್ಬರ್ಗಗಳು ಅತಿ ಹೆಚ್ಚು ನೊಂದ ಜಿಲ್ಲೆಗಳೊಳಗೆ ಸೇರಿದ್ದವು. ಈ ವರದಿ ಜನರ ಕೈಗೆ ಸಿಕ್ಕಿದುದು 2013ರಲ್ಲಿ. ಅರುವತ್ತೈದು ವರ್ಷ ಮುಚ್ಚಿಡುವುದರಿಂದ ಯಾವ ಗಾಯವೂ ಮಾಯದು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯುಂಟು. ಹಲವೆಡೆ ಹಿಂದೂ ನೇಕಾರರು ತಮ್ಮ ಕಸುಬಿನವರಾದ ಮುಸಲ್ಮಾನ ನೇಕಾರರನ್ನು ಪ್ರಾಣವನ್ನೇ ಒತ್ತೆಯಿಟ್ಟು ಕಾಪಾಡಿದರು. ಅವರಲ್ಲಿ ಕೆಲವರು ಸತ್ತೂ ಹೋದರು. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯ ಮಕ್ಕಳಿಗೆ ಈ ಮಾತು ಬೇಗ ಅರ್ಥವಾದೀತು. ಮಗ್ಗದ ಬಳಿ ಕುಳಿತವನಿಗೆ ಪಕ್ಕದ ಮಗ್ಗದ ಸದ್ದು ನಿಂತರೆ ತನ್ನದೂ ನಿಂತಂತೆಯೇ.

ಇಂಥ ನಾಡು ಮತ್ತೆ ಏಳುವುದು ಹೇಗೆ? 1949ರಲ್ಲಿ ಜಹಗೀರುಗಳು ರದ್ದಾದವು. ಮರು ವರ್ಷ ಗೇಣಿದಾರರ ಕಾನೂನು ಬಂದಿತು. 1956ರ ನವೆಂಬರ್ 1ರಂದು ಮೂರು ಜಿಲ್ಲೆಗಳೂ ವಿಶಾಲ ಮೈಸೂರನ್ನು ಸೇರಿದವು. ಹರಪನಹಳ್ಳಿಯು ಬಳ್ಳಾರಿಯೊಡನೆ 1953ರಲ್ಲೇ ಬಂದಿದ್ದಿತು. ಹಿಂದುಳಿದ ಸ್ಥಿತಿ ಮಾತ್ರ ಬೇಗ ಹೋಗಲಿಲ್ಲ. ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಈ ಭಾಗಕ್ಕೆ ಮೀಸಲಾತಿ ನೀಡುವ 371ನೆಯ ವಿಧಿಯ ‘ಜೆ’ ಉಪವಿಧಿಗೆ ಸಂಸತ್ತು ಒಪ್ಪಿದುದು 2012ರಲ್ಲಿ. ಇಂದು ಕಲ್ಯಾಣ ಕರ್ನಾಟಕವೆನಿಸಿದ ಆ ಸೀಮೆಯಲ್ಲಿ ಸೆಪ್ಟೆಂಬರ್ 17ರಂದು ಇನ್ನೊಮ್ಮೆ ಧ್ವಜವೇರುತ್ತದೆ.

ಎಲ್ಲಕ್ಕಿಂತ ಕಣ್ಣಿಗೆ ಕಾಣುವಂತೆ ಬಂದುದು ನೀರು. ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಲು ಮದರಾಸು, ಹೈದರಾಬಾದು ಸರಕಾರಗಳು ಸೇರಿ 1945ರಲ್ಲಿ ಅಡಿಗಲ್ಲನ್ನಿಟ್ಟಿದ್ದವು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಹರಿಹರದ ಸೇತುವೆಯ ಕೆಳಗೆ ಹಾದುಹೋದ ಹೊಳೆಯೇ ಎಡದಂಡೆ ಕಾಲುವೆಯಾಗಿ ಕೊಪ್ಪಳ, ರಾಯಚೂರುಗಳ ಎರೆಭೂಮಿಯಲ್ಲಿ ಬತ್ತ ಬೆಳೆಯಿತು. ಕಾಲುವೆಯ ಕೊನೆಯ ಭಾಗದ ರೈತರು ನೀರು ತಮ್ಮವರೆಗೆ ತಲುಪುವುದಿಲ್ಲವೆಂದು ಈಗಲೂ ದನಿಯೆತ್ತುತ್ತಾರೆ.