ರಾತ್ರಿಗೂ ಬಿಸಿಲು ಕೂಡಿಡುವ ಮೇಣ

ದೇವರ ಹಿಪ್ಪರಗಿ, ಇಂಡಿ, ಸಿಂದಗಿ ಸೀಮೆಯ ರೈತರಿಗೆ ಮಣೂಕ ಒಣಗುವ ಕಾಲದಲ್ಲಿ ರಾತ್ರಿಯ ತೇವದ ಚಿಂತೆ ತಪ್ಪಿದ್ದಲ್ಲ. ಸೌರ ಒಣಗಿಸುವ ಪೆಟ್ಟಿಗೆಯೂ ಹೊತ್ತು ಮುಳುಗಿದೊಡನೆ ತಣ್ಣಗಾಗುತ್ತದೆ. ಹಗಲಿನ ಶಾಖವನ್ನು ಪ್ಯಾರಾಫಿನ್ ಮೇಣದಲ್ಲಿ ಕೂಡಿಡಬಹುದು. ಒಂದು ಕಿಲೋ ಮೇಣವು ಸುಮಾರು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವಾಗ ಸುಮಾರು 200 ಕಿಲೋಜೂಲ್ ಶಾಖ ಹೀರಿ, ಗಟ್ಟಿಯಾಗುವಾಗ ಹಿಂತಿರುಗಿಸುತ್ತದೆ.

ಆದರೆ ಮೇಣದೊಳಗೆ ಶಾಖ ಹರಿಯುವುದು ಬಲು ನಿಧಾನ; ಅಂಚು ಕರಗಿದರೂ ನಡುಭಾಗ ಗಟ್ಟಿಯಾಗಿಯೇ ಇರುತ್ತದೆ. ಗ್ರಾಫೈಟ್‌ನಂತಹ ಇಂಗಾಲದ ಅತಿಸೂಕ್ಷ್ಮ ನ್ಯಾನೊ ಕಣಗಳನ್ನು ನೂರಕ್ಕೆ ಒಂದೆರಡು ಪಾಲು ಬೆರೆಸಿದರೆ ಶಾಖ ಬೇಗ ಒಳಸೇರುತ್ತದೆ. ಹೆಚ್ಚು ಬೆರೆಸಿದರೆ ಮೇಣದ ಪಾಲೇ ಕುಗ್ಗುತ್ತದೆ; ಪದೇ ಪದೇ ಕರಗಿದಾಗ ಕಣಗಳು ತಳಕ್ಕಿಳಿಯುವುದೂ ಉಂಟು. ಒಲೆಯ ಮಸಿ ಬೆರೆಸಿ ನೋಡುವ ಸಾಹಸ ಬೇಡ, ಮೇಣಕ್ಕೆ ಬೆಂಕಿ ಹತ್ತುತ್ತದೆ. ಪೆಟ್ಟಿಗೆ ಕೊಳ್ಳುವವರು ಮೇಣವೆಷ್ಟಿದೆ, ಹಣ್ಣಿಗೆ ಸೋರದಂತೆ ಭದ್ರವಾಗಿದೆಯೇ ಎಂದು ಮೊದಲು ಕೇಳಿರಿ.